ಕಯೋಟಿ ಬೇಟೆಗೆ ಎಂಥ ದುರ್ಬೀನು?



ಅಮೆರಿಕದ ನೆಬ್ರಾಸ್ಕಾ, ವಯೋಮಿಂಗ್, ಮೊಂಟಾನಾ ರಾಜ್ಯಗಳ ಸಣ್ಣ ಊರುಗಳಲ್ಲಿ ಕೋವಿ ಅಂಗಡಿ ಹೊಕ್ಕರೆ ಒಂದು ಗೋಡೆಯ ತುಂಬ ರೈಫಲ್ಲುಗಳು, ಎದುರಿನ ಗಾಜಿನ ಕಪಾಟಿನ ತುಂಬ ದುರ್ಬೀನುಗಳು. ರೈಫಲ್ಲಿನ ಬೆನ್ನ ಮೇಲೆ ಕೂರಿಸುವ ಈ ದುರ್ಬೀನಿಗೆ ಅಲ್ಲಿ ಸ್ಕೋಪ್ ಎನ್ನುತ್ತಾರೆ. ಆ ಸೀಮೆಯಲ್ಲಿ ಕೆಲವು ವರ್ಷ ಕುರಿಗಾರರ ನಡುವೆ ಇದ್ದ ನಾನು ಇಂಥ ಅಂಗಡಿಗಳಲ್ಲಿ ಬೇಕಾದಷ್ಟು ಹೊತ್ತು ಕಳೆದಿದ್ದೇನೆ. ರೈಫಲ್ಲಿನ ಆಯ್ಕೆ ಬೇಗ ಮುಗಿಯುತ್ತದೆ. ಅಪ್ಪ ಬಳಸಿದ ಕಂಪನಿಯದ್ದು, ಅಣ್ಣ ಹೇಳಿದ ತೋಟೆಯದ್ದು, ಅಷ್ಟೇ. ಸ್ಕೋಪಿನ ಕಪಾಟಿನ ಮುಂದೆ ಮಾತ್ರ ಜನ ಗಂಟೆಗಟ್ಟಲೆ ನಿಲ್ಲುತ್ತಾರೆ. ಅವರು ಮೊದಲು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: ಎಷ್ಟು ಪಟ್ಟು ದೊಡ್ಡದಾಗಿ ಕಾಣಿಸುತ್ತದೆ?

ಈ ಪ್ರಶ್ನೆ ಕೊನೆಯಲ್ಲಿ ಬರಬೇಕಾದದ್ದು ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂದು ಹೇಳುವ ಮೊದಲು ಬೇಟೆಯ ಪ್ರಾಣಿಗಳ ಪರಿಚಯವಾಗಬೇಕು.

ಕಯೋಟಿ ನಾಯಿಯ ಕುಲದ ಪ್ರಾಣಿ. ನಮ್ಮ ಗುಳ್ಳೆನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ತೂಕ ಸಾಮಾನ್ಯವಾಗಿ 9ರಿಂದ 20 ಕಿಲೋ. ಮಿಸೌರಿ ನದಿಯ ದಂಡೆಯಲ್ಲಿ ಚಳಿಗಾಲ ಕಳೆದ ಸ್ಟೀಫನ್ ಲಾಂಗ್ ಶೋಧ ತಂಡದಲ್ಲಿದ್ದ ಥಾಮಸ್ ಸೇ ಎಂಬ ಪ್ರಕೃತಿ ವಿಜ್ಞಾನಿ 1823ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಆಗ ಅದು ಮುಖ್ಯವಾಗಿ ಪಶ್ಚಿಮದ ಬಯಲಿನ ಪ್ರಾಣಿ. ತೋಳಗಳನ್ನು ಮನುಷ್ಯ ಕೊಂದು ಮುಗಿಸುತ್ತ ಹೋದ ಹಾಗೆ ತೆರವಾದ ಜಾಗಕ್ಕೆಲ್ಲ ಕಯೋಟಿ ನುಗ್ಗಿತು. ಇಂದು ಹವಾಯಿ ಒಂದನ್ನು ಬಿಟ್ಟು ಅಮೆರಿಕದ ಉಳಿದ 49 ರಾಜ್ಯಗಳಲ್ಲೂ ಅದಿದೆ; ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲೂ ಕಾಣಿಸಿಕೊಂಡಿದೆ. ವಸಂತದಲ್ಲಿ ಕುರಿಗಳು ಮರಿ ಹಾಕುವ ಹೊತ್ತಿಗೆ ಕಯೋಟಿಯ ಗೂಡಿನಲ್ಲೂ ಮರಿಗಳಿರುತ್ತವೆ, ಅವುಗಳ ಹೊಟ್ಟೆಯೂ ತುಂಬಬೇಕು. ಜಗಳ ಹುಟ್ಟುವುದು ಇಲ್ಲಿ. ಕಾವಲಿಗೆ ಗ್ರೇಟ್ ಪಿರೆನೀಸ್ ಎಂಬ ದೊಡ್ಡ ಬಿಳಿ ನಾಯಿಗಳನ್ನು ಸಾಕುವವರಿದ್ದಾರೆ, ಹಿಂಡಿನ ಜೊತೆ ಲಾಮಾ ಎಂಬ ಪ್ರಾಣಿಯನ್ನು ಬಿಡುವವರೂ ಇದ್ದಾರೆ. ಒಳ್ಳೆಯ ಕುರಿಗಾರ ಮೊದಲು ಬೇಲಿಯನ್ನೂ ನಾಯಿಯನ್ನೂ ನಂಬುತ್ತಾನೆ, ಆಮೇಲೆ ರೈಫಲ್ಲನ್ನು. ಆ ಕ್ರಮ ಸರಿಯಾದದ್ದು.

ಇನ್ನೊಂದು ಪ್ರಾಣಿ ಪ್ರೇರಿ ಡಾಗ್. ಹೆಸರಿನಲ್ಲಿ ನಾಯಿ ಇದ್ದರೂ ಅದು ಅಳಿಲಿನ ಬಳಗದ್ದು, ಒಂದು ಕಿಲೋ ಆಸುಪಾಸಿನ ಜೀವ. ಬಯಲಿನಲ್ಲಿ ಬಿಲಗಳ ಊರನ್ನೇ ಕಟ್ಟಿಕೊಂಡು ಬದುಕುತ್ತದೆ. 1804ರಲ್ಲಿ ಪಶ್ಚಿಮದ ಶೋಧಕ್ಕೆ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡದವರು ಇಂದಿನ ನೆಬ್ರಾಸ್ಕಾದಲ್ಲಿ ಬಿಲಕ್ಕೆ ನೀರು ಸುರಿದೂ ಸುರಿದೂ ಒಂದನ್ನು ಹಿಡಿದರು. ಮರುವರ್ಷ ಒಂದು ಜೀವಂತ ಪ್ರೇರಿ ಡಾಗ್ ಅಧ್ಯಕ್ಷ ಜೆಫರ್ಸನ್ ಅವರ ಬಳಿಗೂ ಹೋಯಿತು. ದನ ಮೇಯಿಸುವವರಿಗೆ ಇದು ಹುಲ್ಲು ತಿಂದು ಮುಗಿಸುವ ಉಪದ್ರವಿ. ಆದರೆ ಇದರ ಮೇಲೆಯೇ ಬದುಕುವ ಕಪ್ಪುಕಾಲಿನ ಫೆರೆಟ್ ಎಂಬ ಪ್ರಾಣಿ ಇನ್ನಿಲ್ಲವೆಂದು ತಿಳಿದಿದ್ದಾಗ 1981ರಲ್ಲಿ ವಯೋಮಿಂಗಿನ ಮೀಟೀಟ್ಸಿ ಬಳಿ ಮತ್ತೆ ಸಿಕ್ಕಿತು. ಉಪದ್ರವಿ ಎಂಬ ಹಣೆಪಟ್ಟಿ ಹಚ್ಚಿದ ಪ್ರಾಣಿಯ ಬೆನ್ನಿಗೆ ಇನ್ನೊಂದು ಜೀವದ ಅನ್ನ ಕಟ್ಟಿರುತ್ತದೆ ಎಂಬುದು ಆ ಬಯಲಿನ ಬೇಟೆಗಾರರಿಗೆ ಗೊತ್ತಿರಬೇಕಾದ ಸಂಗತಿ.

ಈ ಎರಡು ಬೇಟೆಗಳ ಸ್ಕೋಪುಗಳೂ ಅಂಗಡಿಯ ಒಂದೇ ಕಪಾಟಿನಲ್ಲಿ ಕೂತಿವೆ. ಆಯ್ಕೆ ತಪ್ಪುವುದಕ್ಕೆ ಅದೇ ದೊಡ್ಡ ಕಾರಣ, ಏಕೆಂದರೆ ಎರಡು ಬೇಟೆಗಳಿಗೂ ಸ್ವಭಾವದಲ್ಲಿ ಏನೇನೂ ಸಂಬಂಧವಿಲ್ಲ.

ಕಯೋಟಿಯನ್ನು ಹುಡುಕಿಕೊಂಡು ಹೋಗುವುದಿಲ್ಲ, ಕರೆಯುತ್ತಾರೆ. ಬೇಟೆಗಾರ ಸೇಜ್‌ಬ್ರಷ್ ಪೊದೆಗೆ ಬೆನ್ನು ಕೊಟ್ಟು ಅಲುಗಾಡದೆ ಕೂತು, ಗಾಯಗೊಂಡ ಮೊಲದ ಚೀರಾಟವನ್ನು ಹೋಲುವ ಪೀಪಿ ಊದುತ್ತಾನೆ. ಟೆಕ್ಸಾಸಿನ ಮಾರ್ಬಲ್ ಫಾಲ್ಸ್ ಊರಿನ ಬರ್ನ್‌ಹ್ಯಾಮ್ ಸಹೋದರರು ಕಳೆದ ಶತಮಾನದ ನಡುಭಾಗದಲ್ಲಿ ಈ ವಿದ್ಯೆಯನ್ನು ದೇಶಕ್ಕೆಲ್ಲ ಹಬ್ಬಿಸಿದರು. ಕರೆಗೆ ಓಗೊಟ್ಟ ಕಯೋಟಿ ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂದು ಹೇಳಲಾಗದು. 300 ಗಜದಾಚೆಯ ದಿಣ್ಣೆಯ ಮೇಲೆ ನಿಂತು ದಿಟ್ಟಿಸಬಹುದು. ಗಾಳಿಯ ವಾಸನೆ ಹಿಡಿಯಲು ಸುತ್ತು ಹಾಕಬಹುದು. ಒಣಹಳ್ಳದೊಳಗೆ ಅಡಗಿ ಬಂದು 30 ಗಜದಲ್ಲಿ ದಡಕ್ಕನೆ ತಲೆ ಎತ್ತಲೂಬಹುದು. ಅದು ನಿಂತ ಆ ಎರಡು ಮೂರು ಕ್ಷಣದಲ್ಲಿ ರೈಫಲ್ ಹೆಗಲಿಗೇರಬೇಕು, ದುರ್ಬೀನಿನೊಳಗೆ ಪ್ರಾಣಿ ಸಿಗಬೇಕು.

ಈಗ ಲೆಕ್ಕ ನೋಡಿ. ಮೂರು ಪಟ್ಟು ಹಿಗ್ಗಿಸುವ ಸ್ಕೋಪಿನಲ್ಲಿ 100 ಗಜದ ದೂರದಲ್ಲಿ ಎಡದಿಂದ ಬಲಕ್ಕೆ ಸುಮಾರು 33 ಅಡಿ ಬಯಲು ಕಾಣುತ್ತದೆ. ಆರೂವರೆ ಪಟ್ಟಿನಲ್ಲಿ ಆ ಹರವು ಸುಮಾರು 14 ಅಡಿಗೆ ಇಳಿಯುತ್ತದೆ. ಕಯೋಟಿ 40 ಗಜದಲ್ಲಿದ್ದರೆ ಈ 14 ಅಡಿಯೂ ಐದೂವರೆ ಅಡಿಯಾಗುತ್ತದೆ. ಮೂಗಿನಿಂದ ಬಾಲದ ತುದಿಯವರೆಗೆ ಕಯೋಟಿಯೇ ಸುಮಾರು ನಾಲ್ಕಡಿ. ಓಡುವ ಪ್ರಾಣಿಯನ್ನು ಐದೂವರೆ ಅಡಿಯ ಕಿಂಡಿಯಲ್ಲಿ ಹುಡುಕಬೇಕೆಂದರೆ ಕಾಣುವುದು ಹುಲ್ಲು, ಹುಲ್ಲು, ಆಮೇಲೆ ಒಂದಿಷ್ಟು ತುಪ್ಪಳ, ಮತ್ತೆ ಹುಲ್ಲು. ಅದೇ ಮೂರು ಪಟ್ಟಿನಲ್ಲಿ 13 ಅಡಿಯ ಬಯಲು ಕಣ್ಣೆದುರು ಇರುತ್ತದೆ: ಪ್ರಾಣಿ ಸಿಗುತ್ತದೆ, ಅದರ ಹಿಂದೆ ಏನಿದೆ ಎಂಬುದೂ ಕಾಣುತ್ತದೆ. ಆದ್ದರಿಂದ ಕಯೋಟಿಗೆ, ಉಂಗುರ ತಿರುಗಿಸಿ ಪಟ್ಟು ಏರಿಸಿ ಇಳಿಸುವ ಸ್ಕೋಪ್ ಕೊಳ್ಳುವವರು ಅದರ ಮೇಲಿನ ಅಂಕಿ ನೋಡುವ ಮೊದಲು ಕೆಳಗಿನ ಅಂಕಿ ನೋಡಬೇಕು. ಅದು ಎರಡೂವರೆಯೋ ಮೂರೋ ಆಗಿದ್ದರೆ ಒಳ್ಳೆಯದು, ನಾಲ್ಕೂವರೆ ಕೊನೆಯ ಮಿತಿ. ಮೇಲೆ ಒಂಬತ್ತೋ ಹತ್ತೋ ಇದ್ದರೆ 300 ಗಜಕ್ಕೂ ಧಾರಾಳ ಸಾಕು.

ಪ್ರೇರಿ ಡಾಗ್ ಬೇಟೆ ಇದಕ್ಕೆ ಪೂರ್ತಿ ತಿರುಗುಮುರುಗು. ಬೇಟೆಗಾರ ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಅದರ ಮೇಲೆ ರೈಫಲ್ ಊರಿ ಕೂತಿರುತ್ತಾನೆ. ಪ್ರಾಣಿ ಬಿಲದ ಬಾಯಲ್ಲಿ ಎದ್ದು ನಿಂತಿರುತ್ತದೆ. ಅಗಲ ಮೂರು ಅಂಗುಲದಷ್ಟು, ದೂರ 200, 300, ಕೆಲವೊಮ್ಮೆ 400 ಗಜ. ಇಬ್ಬರಿಗೂ ಅವಸರವಿಲ್ಲ. ಇಲ್ಲಿ ಹದಿನಾಲ್ಕು ಪಟ್ಟು, ಹದಿನಾರು ಪಟ್ಟು ನಿಜಕ್ಕೂ ನೆರವಾಗುತ್ತವೆ. ಇಪ್ಪತ್ನಾಲ್ಕಕ್ಕೆ ಹಾರುವವರಿಗೆ ಮಾತ್ರ ಬಯಲೇ ತಡೆ ಒಡ್ಡುತ್ತದೆ. ಜುಲೈ ತಿಂಗಳ ಹತ್ತು ಗಂಟೆಯ ಬಿಸಿಲಿಗೆ ನೆಲದಿಂದ ಕಾವು ಏಳುತ್ತದೆ; ದುರ್ಬೀನು ಪ್ರಾಣಿಯ ಜೊತೆಗೆ ಈ ಬಿಸಿಲ್ಗುದುರೆಯನ್ನೂ ಇಪ್ಪತ್ನಾಲ್ಕು ಪಟ್ಟು ಹಿಗ್ಗಿಸುತ್ತದೆ. ಗುರಿ ಹರಿಯುವ ನೀರಿನ ತಳದಲ್ಲಿಟ್ಟ ನಾಣ್ಯದಂತೆ ಅಲ್ಲಾಡತೊಡಗುತ್ತದೆ. ಅನುಭವಸ್ಥರು ಆಗ ಉಂಗುರ ತಿರುಗಿಸಿ ಹತ್ತಕ್ಕೋ ಹನ್ನೆರಡಕ್ಕೋ ಇಳಿಯುತ್ತಾರೆ. ಸಾಲು ಸಾಲಾಗಿ ಈಡು ಹೊಡೆದರೆ ಬಿಸಿಯಾದ ನಳಿಗೆಯಿಂದಲೂ ಇಂಥದೇ ತೆರೆ ಏಳುತ್ತದೆ.

ಇಷ್ಟು ದೂರದ ಸಣ್ಣ ಗುರಿಗೆ ಪ್ಯಾರಲಾಕ್ಸ್ ಎಂಬ ದೋಷವನ್ನೂ ಗಮನಿಸಬೇಕು. ರೈಫಲ್ ಕದಲದಿದ್ದರೂ ನೋಡುವ ಕಣ್ಣು ಸ್ವಲ್ಪ ಆಚೀಚೆ ಸರಿದರೆ ಸ್ಕೋಪಿನೊಳಗಿನ ಗುರಿಗೆರೆ ಪ್ರಾಣಿಯ ಮೇಲೆ ಜಾರಿದಂತೆ ಕಾಣುತ್ತದೆ. ಸಾಮಾನ್ಯ ಬೇಟೆ ಸ್ಕೋಪುಗಳನ್ನು ಕಾರ್ಖಾನೆಯಲ್ಲೇ 100 ಅಥವಾ 150 ಗಜಕ್ಕೆ ಈ ದೋಷ ಇಲ್ಲದಂತೆ ಹೊಂದಿಸಿರುತ್ತಾರೆ. ಕಯೋಟಿಯ ಎದೆಯಷ್ಟು ಅಗಲದ ಗುರಿಗೆ ಅದು ಸಾಕು. 300 ಗಜದ ಪ್ರೇರಿ ಡಾಗಿಗೆ ಸಾಲದು. ಸ್ಕೋಪಿನ ಪಕ್ಕದಲ್ಲಿ ದೂರಕ್ಕೆ ತಕ್ಕಂತೆ ತಿರುಗಿಸುವ ಗುಂಡಿ ಇರಲೇಬೇಕು. .22 ರಿಮ್‌ಫೈರ್, .17 ಎಚ್‌ಎಂಆರ್‌ನಂಥ ಪುಟ್ಟ ತೋಟೆಗಳಲ್ಲಿ ಅಳಿಲು, ಮೊಲಗಳಿಗೆ ಗುರಿಯಿಡುವವರು 50 ಗಜದ ಸುತ್ತ ಹೊಂದಿಸಿದ ರಿಮ್‌ಫೈರ್ ಸ್ಕೋಪನ್ನೇ ಕೇಳಿ ಪಡೆಯಬೇಕು.

ಬೆಳಕಿನ ಮಾತಿಗೆ ಬರೋಣ. ಇದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ರಂಗನತಿಟ್ಟಿನಲ್ಲಿ ಹಕ್ಕಿ ನೋಡುವ ಗೆಳೆಯರಿಗೂ ಇದು ಒದಗುತ್ತದೆ. ಕಯೋಟಿ ಹೆಚ್ಚಾಗಿ ಓಡಾಡುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ನಿಮ್ಮ ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಅದನ್ನು ತೋಳುದ್ದ ದೂರದಲ್ಲಿ ಆಕಾಶದ ಕಡೆಗೆ ಹಿಡಿಯಿರಿ. ಕಣ್ಣಿಡುವ ಮಸೂರದ ನಡುವೆ ಒಂದು ಪುಟ್ಟ ಬೆಳಕಿನ ಬಿಲ್ಲೆ ಕಾಣುತ್ತದೆ. ಮುಂದಿನ ಮಸೂರದ ಅಗಲವನ್ನು ಎಷ್ಟು ಪಟ್ಟು ಎಂಬ ಅಂಕಿಯಿಂದ ಭಾಗಿಸಿದರೆ ಈ ಬಿಲ್ಲೆಯ ಅಗಲ ಸಿಗುತ್ತದೆ. 40 ಮಿಲಿಮೀಟರ್ ಮಸೂರದ ಸ್ಕೋಪ್ ಎಂಟು ಪಟ್ಟಿನಲ್ಲಿದ್ದಾಗ 5 ಮಿಲಿಮೀಟರ್, ಹದಿನಾಲ್ಕರಲ್ಲಿ 3ಕ್ಕೂ ಕಡಿಮೆ. ಎಳೆಯರ ಕಣ್ಣಿನ ಪಾಪೆ ಕತ್ತಲಲ್ಲಿ 7 ಮಿಲಿಮೀಟರ್‌ವರೆಗೆ ಅರಳುತ್ತದೆ. ವಯಸ್ಸಾದಂತೆ 5ರ ಆಸುಪಾಸಿಗೆ ಇಳಿಯುತ್ತದೆ. ಮಸೂರ ಕೊಡುವ ಬಿಲ್ಲೆ ಪಾಪೆಗಿಂತ ಚಿಕ್ಕದಾದರೆ ದೃಶ್ಯ ಮಸುಕಾಗುತ್ತದೆ. ಮುಸ್ಸಂಜೆಯಲ್ಲಿ ಏನೂ ಕಾಣದೆಂದು ಉಂಗುರವನ್ನು ಹದಿನಾಲ್ಕಕ್ಕೆ ಏರಿಸುವವನು ತನ್ನ ಕಣ್ಣಿಗೆ ತಾನೇ ಪರದೆ ಹಾಕಿಕೊಂಡಂತಾಗುತ್ತದೆ. ಆರಕ್ಕೆ ಇಳಿಸಿದರೆ ಅದೇ ಪೊದೆ, ಅದೇ ಪ್ರಾಣಿ ಬೆಳ್ಳಗೆ ಎದ್ದು ಕಾಣುತ್ತವೆ.

ಮಸೂರದ ಮೇಲಿನ ಲೇಪವೂ ಅಷ್ಟೇ ಮುಖ್ಯ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 4ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಸ್ಕೋಪಿನೊಳಗೆ ಇಂಥ ಹತ್ತು ಮೈ ಇದ್ದರೆ ಬೆಳಕಿನ ಮೂರನೇ ಒಂದು ಭಾಗ ದಾರಿಯಲ್ಲೇ ಸೋರಿಹೋಗುತ್ತದೆ. 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಈ ಸೋರಿಕೆ ತಡೆಯುವ ತೆಳು ಲೇಪ ಕಂಡುಹಿಡಿದರು. ಇವತ್ತಿನ ಅಗ್ಗದ ಸ್ಕೋಪಿಗೂ ಬೆಲೆಬಾಳುವ ಸ್ಕೋಪಿಗೂ ಇರುವ ಅಂತರದಲ್ಲಿ ದೊಡ್ಡ ಪಾಲು ಈ ಲೇಪದ್ದು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ ಥರ ಕಾಣುತ್ತವೆ. ಸಂಜೆ ಹೊತ್ತಿನಲ್ಲಿ ಅಂಗಡಿಗೆ ಹೋಗಿ, ಸ್ಕೋಪನ್ನು ಹೊರಗೆ ಒಯ್ದು ಬೀದಿಯಾಚೆಯ ನೆರಳನ್ನು ನೋಡಲು ಬಿಡಿ ಎಂದು ಕೇಳಬೇಕು. ಒಳ್ಳೆಯ ಅಂಗಡಿಯವರು ಬಿಡುತ್ತಾರೆ.

ಸ್ಕೋಪ್ ಬಡ ಬೇಟೆಗಾರನ ಕೈಗೆಟುಕಿದ್ದು ಬಹಳ ಹಿಂದಿನ ಮಾತೇನಲ್ಲ. 1850ರ ದಶಕದಲ್ಲೇ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನಲ್ಲಿ ವಿಲಿಯಂ ಮಾಲ್ಕಂ ಉದ್ದನೆಯ ಕೊಳವೆ ಸ್ಕೋಪುಗಳನ್ನು ಮಾಡುತ್ತಿದ್ದ. ಅಮೆರಿಕದ ಅಂತರ್ಯುದ್ಧದಲ್ಲಿ ಅಂಥವನ್ನು ಬಳಸಿದರು. 1930ರಲ್ಲಿ ಬಿಲ್ ವೀವರ್ 3-30 ಎಂಬ ಅಗ್ಗದ ಸ್ಕೋಪ್ ತಂದಮೇಲೆ ಸಾಮಾನ್ಯ ರೈತನ ರೈಫಲ್ಲಿನ ಮೇಲೂ ಗಾಜು ಏರಿತು. ಆ ಕಾಲದ ಸ್ಕೋಪುಗಳಿಗೆ ಮಂಜು ಹಿಡಿಯುವುದೇ ದೊಡ್ಡ ಕಾಟ. ಒರೆಗಾನಿನ ಲ್ಯೂಪೋಲ್ಡ್ ಕಂಪನಿಯವರು ಭೂಮಾಪನ ಉಪಕರಣ ಮಾಡುತ್ತಿದ್ದವರು. ಅವರಲ್ಲೊಬ್ಬ, ಮಾರ್ಕಸ್ ಲ್ಯೂಪೋಲ್ಡ್, ಮಂಜು ಕಟ್ಟಿದ ಸ್ಕೋಪಿನಿಂದ ಜಿಂಕೆ ಕೈತಪ್ಪಿದ ಸಿಟ್ಟಿಗೆ ತಾವೇ ಸ್ಕೋಪ್ ಮಾಡಲು ಹೊರಟರೆಂದು ಕಂಪನಿ ಹೇಳಿಕೊಂಡು ಬಂದಿದೆ. ಕೊಳವೆಯೊಳಗಿನ ತೇವದ ಗಾಳಿ ತೆಗೆದು ಒಣ ನೈಟ್ರೋಜನ್ ತುಂಬಿ ಮುದ್ರೆ ಹಾಕುವುದು ಅವರು ಹಿಡಿದ ದಾರಿ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಪಿಕಪ್ ಟ್ರಕ್ಕಿನ ಬೆಚ್ಚಗಿನ ಕೋಣೆಯಿಂದ ರೈಫಲ್ ಹೊರತೆಗೆಯುವ ವಯೋಮಿಂಗಿನವನಿಗೆ ಈ ಮುದ್ರೆಯೇ ಜೀವಾಳ.

ಅದೇ ಕಂಪನಿ 1962ರಲ್ಲಿ ಡ್ಯುಪ್ಲೆಕ್ಸ್ ಎಂಬ ಗುರಿಗೆರೆ ತಂದಿತು. ಅಂಚಿನಲ್ಲಿ ದಪ್ಪ, ನಡುವೆ ತೆಳ್ಳಗಿನ ನಾಲ್ಕು ಗೆರೆಗಳು. ಮಬ್ಬಿನಲ್ಲಿ ದಪ್ಪ ಗೆರೆಗಳು ಕಣ್ಣನ್ನು ನಡುವಿಗೆ ಎಳೆದು ತರುತ್ತವೆ. ಕಯೋಟಿಗೆ ಇದಕ್ಕಿಂತ ಒಳ್ಳೆಯದನ್ನು ನಾನಿನ್ನೂ ಕಂಡಿಲ್ಲ. ಈಗಿನ ಕೆಲವು ಸ್ಕೋಪುಗಳಲ್ಲಿ ಗುರಿಗೆರೆ ಮರದ ಕೊಂಬೆಗಳ ಹಾಗೆ ಚುಕ್ಕಿ ಗೀಟುಗಳಿಂದ ತುಂಬಿರುತ್ತದೆ. ಮೇಜಿನೆದುರು ಕೂತು ದೂರ ಅಳೆದು ಹೊಡೆಯುವವರಿಗೆ ಅದು ಸರಿ. ಪೊದೆಯಿಂದ ನುಗ್ಗಿ ಬರುವ ಪ್ರಾಣಿಗೆ ಅಡ್ಡಿ. ಪ್ರೇರಿ ಡಾಗಿಗೆ ಗೆರೆ ತೆಳ್ಳಗಿರಬೇಕು. 300 ಗಜದಲ್ಲಿ ಒಂದೂವರೆ ಅಂಗುಲ ಮುಚ್ಚುವ ಗೆರೆ ಪ್ರಾಣಿಯ ಅರ್ಧ ಮೈಯನ್ನೇ ನುಂಗಿಬಿಡುತ್ತದೆ.

ಗುಂಡು ಎಷ್ಟು ಇಳಿಯುತ್ತದೆಂದು ಬಹಳ ತಲೆಕೆಡಿಸಿಕೊಳ್ಳುವ ಅಗತ್ಯ ಕಯೋಟಿ ಬೇಟೆಗಾರನಿಗಿಲ್ಲ. ಹೆಚ್ಚು ಬಳಕೆಯಲ್ಲಿರುವ .223 ರೆಮಿಂಗ್ಟನ್ ತೋಟೆಯ 55 ಗ್ರೇನ್ ತೂಕದ ಗುಂಡನ್ನು 200 ಗಜಕ್ಕೆ ಸರಿಯಾಗಿ ಹೊಂದಿಸಿದರೆ, 100 ಗಜದಲ್ಲಿ ಎರಡು ಅಂಗುಲದೊಳಗೆ ಮೇಲೆ ಬಡಿಯುತ್ತದೆ, 300 ಗಜದಲ್ಲಿ ಸುಮಾರು ಒಂದು ಗೇಣು ಕೆಳಗೆ. 250 ಗಜದವರೆಗೆ ಎದೆಯ ಮೇಲೇ ಗೆರೆ ಇಟ್ಟರೂ ಸಾಕು. .22-250 ತೋಟೆಯ ಗುಂಡು ಇನ್ನೂ ನೇರ. ಗಾಳಿ ಮಾತ್ರ ಬೇರೆ ಕಥೆ: ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ ಇದೇ .223ರ ಗುಂಡನ್ನು 300 ಗಜದಲ್ಲಿ ಒಂದು ಅಡಿ ಪಕ್ಕಕ್ಕೆ ದೂಡುತ್ತದೆ. ವಯೋಮಿಂಗಿನ ಬಯಲಿನಲ್ಲಿ ಅಷ್ಟು ಗಾಳಿಯನ್ನು ಗಾಳಿ ಎಂದೇ ಯಾರೂ ಎಣಿಸುವುದಿಲ್ಲ. ಯಾವ ಸ್ಕೋಪೂ ಇದನ್ನು ಓದಿ ಹೇಳದು. ಹುಲ್ಲು ಬಾಗುವುದನ್ನು ನೋಡಿ ಬೇಟೆಗಾರನೇ ಕಲಿಯಬೇಕು, ಸಂಶಯವಿದ್ದರೆ ಹೊಡೆಯಬಾರದು. ಗಾಯಗೊಂಡು ಹಳ್ಳ ದಾಟಿ ಹೋದ ಪ್ರಾಣಿ ನರಳುವುದನ್ನು ಯಾರೂ ನೋಡುವುದಿಲ್ಲ, ಆದರೆ ಅದು ನರಳುತ್ತದೆ.

ಇನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ನಂಬಿರುವ ಮಾತು. ಸ್ಕೋಪ್ ಗುರಿಯಿಡುವ ಸಾಧನ ಎನ್ನುತ್ತೇವೆ. ಈ ಬೇಟೆಯಲ್ಲಿ ಅದಕ್ಕಿಂತ ಮೊದಲು ಅದು ಗುರುತಿಸುವ ಸಾಧನ. 1995ರ ಜನವರಿಯಲ್ಲಿ ಕೆನಡಾದಿಂದ ಯೆಲ್ಲೋಸ್ಟೋನ್ ಉದ್ಯಾನಕ್ಕೆ ತೋಳಗಳನ್ನು ತಂದರು. ಎಷ್ಟೋ ದಶಕಗಳ ನಂತರ ಆ ಕಾಡಿಗೆ ತೋಳ ಮರಳಿದ್ದು ಆಗ. ಅವುಗಳಲ್ಲಿ 10ನೇ ಸಂಖ್ಯೆಯ ಗಂಡು 50 ಕಿಲೋ ಮೀರಿದ ಭಾರಿ ಪ್ರಾಣಿ, ಕೊರಳಲ್ಲಿ ರೇಡಿಯೋ ಪಟ್ಟಿ. ಏಪ್ರಿಲಿನಲ್ಲಿ ಮೊಂಟಾನಾದ ರೆಡ್ ಲಾಡ್ಜ್ ಊರಿನ ಬಳಿ ಒಬ್ಬ ಅದನ್ನು ಗುಂಡಿಕ್ಕಿ ಕೊಂದ. ಬೀದಿನಾಯಿ ಎಂದುಕೊಂಡೆ ಎಂಬ ಅವನ ಮಾತನ್ನು ನ್ಯಾಯಾಲಯ ಒಪ್ಪಲಿಲ್ಲ, ಶಿಕ್ಷೆಯಾಯಿತು. ಸತ್ತ ತೋಳದ ಸಂಗಾತಿ ಅದೇ ದಿನಗಳಲ್ಲಿ ಎಂಟು ಮರಿ ಹಾಕಿತ್ತು.

ಪೂರ್ವದ ನಾರ್ತ್ ಕ್ಯಾರೊಲೈನಾದ ಕಥೆ ಇನ್ನೂ ಕಠಿಣ. ಕಾಡಿನಿಂದ ಅಳಿದೇ ಹೋಗಿದ್ದ ಕೆಂಪು ತೋಳವನ್ನು 1987ರಲ್ಲಿ ಅಲ್ಲಿ ಮತ್ತೆ ಬಿಟ್ಟರು. ಅದರ ಬಣ್ಣ, ಮೈಕಟ್ಟು ಕಯೋಟಿಗೆ ಬಹಳ ಹತ್ತಿರ. 2012ರಲ್ಲಿ ರಾಜ್ಯ ರಾತ್ರಿಯ ಕಯೋಟಿ ಬೇಟೆಗೆ ಅನುಮತಿ ಕೊಟ್ಟಿತು. 2014ರಲ್ಲಿ ಫೆಡರಲ್ ನ್ಯಾಯಾಲಯ ಆ ತೋಳಗಳಿರುವ ಐದು ಕೌಂಟಿಗಳಲ್ಲಿ ಕಯೋಟಿ ಬೇಟೆಯನ್ನು ತಡೆಯಿತು. ಒಂದು ಕಾಲಕ್ಕೆ ನೂರು ದಾಟಿದ್ದ ಕೆಂಪು ತೋಳಗಳು ಮುಂದೆ ಇಪ್ಪತ್ತರ ಆಸುಪಾಸಿಗೆ ಇಳಿದವು. ಅವುಗಳ ಸಾವಿಗೆ ಮುಖ್ಯ ಕಾರಣಗಳಲ್ಲಿ ಗುಂಡೇಟೂ ಒಂದು. ಬೇಟೆಗಾರರ ಕಣ್ಣಿಗೆ ಬೀಳಲೆಂದು ಅವುಗಳ ಕೊರಳಿಗೆ ಕಿತ್ತಳೆ ಬಣ್ಣದ ಹೊಳೆಯುವ ಪಟ್ಟಿ ಕಟ್ಟಿದ್ದಾರೆ.

ಈ ಕಿತ್ತಳೆ ಪಟ್ಟಿಯನ್ನು ನೆನಪಿಟ್ಟುಕೊಂಡು ಈಗಿನ ಹೊಸ ಸಾಧನ ಥರ್ಮಲ್ ಸ್ಕೋಪಿನ ಕಡೆ ನೋಡಿ. ಅದು ಬೆಳಕನ್ನಲ್ಲ, ಮೈಯ ಕಾವನ್ನು ನೋಡುತ್ತದೆ. ಸಾಮಾನ್ಯ ಗಾಜು ಆ ಕಿರಣಗಳನ್ನು ಬಿಡದ ಕಾರಣ ಅದರ ಮಸೂರವನ್ನು ಜರ್ಮೇನಿಯಂನಿಂದ ಮಾಡುತ್ತಾರೆ. ಬೆಲೆ ಏರುವುದಕ್ಕೆ ಅದೂ ಒಂದು ಕಾರಣ. ಕಗ್ಗತ್ತಲಲ್ಲಿ ಬಹು ದೂರದ ಪ್ರಾಣಿಯೂ ಬೆಳ್ಳನೆಯ ಚುಕ್ಕಿಯಾಗಿ ಕಾಣುತ್ತದೆ. ಆದರೆ ಆ ಚುಕ್ಕಿ ಕಯೋಟಿಯೋ, ನೆರೆಯವನ ಕಾವಲು ನಾಯಿಯೋ, ಆಗ ತಾನೇ ಹುಟ್ಟಿದ ಕರುವೋ ಎಂದು ತಿಳಿಯಲು ಅದು ಬಹಳ ಹತ್ತಿರ ಬರಬೇಕು. ಥರ್ಮಲ್ ಸ್ಕೋಪಿಗೆ ಬಣ್ಣ ಎಂಬುದೇ ಇಲ್ಲ. ಕಿತ್ತಳೆ ಪಟ್ಟಿ ಅದರಲ್ಲಿ ಕಿತ್ತಳೆಯಾಗಿ ಕಾಣುವುದಿಲ್ಲ. ಥರ್ಮಲ್ ಕೊಳ್ಳುವವರಿಗೆ ನನ್ನ ಸಲಹೆ: ಹಿಗ್ಗಿಸುವ ಅಂಕಿಗಿಂತ ಒಳಗಿನ ಸಂವೇದಕದ ಚುಕ್ಕಿಗಳ ಸಂಖ್ಯೆ ನೋಡಿ. 640×480 ಇರುವಲ್ಲಿ ಕಾಲು, ಕಿವಿ, ಬಾಲಗಳ ಆಕಾರ ಬಿಡಿಸಿ ಕಾಣುತ್ತದೆ. ಅದರ ಅರ್ಧ ಇರುವಲ್ಲಿ ಬರಿಯ ಮುದ್ದೆ. ರಾತ್ರಿ ಬೇಟೆಗೆ ಕೆಲವು ರಾಜ್ಯಗಳಲ್ಲಿ ಅನುಮತಿ ಇದೆ, ಕೆಲವು ಕಡೆ ಇಲ್ಲ, ಕೆಲವು ಕಡೆ ಸಾಧನಕ್ಕೂ ಷರತ್ತಿದೆ. ಸ್ಕೋಪಿಗೆ ಮೊದಲು ಆ ವರ್ಷದ ನಿಯಮ ಪುಸ್ತಕ ಓದಬೇಕು.

ನಮ್ಮ ನಾಡಿನಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯ ಬಾಗಿಲನ್ನು ಮುಚ್ಚಿದೆ. ಗುಳ್ಳೆನರಿಗಾಗಲಿ ಬಯಲುಸೀಮೆಯ ತೋಳಕ್ಕಾಗಲಿ ಗುರಿಯಿಡುವಂತಿಲ್ಲ, ಅದೇ ಸರಿ. ಟೆಕ್ಸಾಸ್, ಕೊಲರಾಡೊ ಕಡೆ ನೆಲೆಸಿ ಒಂದಿಷ್ಟು ಜಮೀನು, ಕೋಳಿ, ಮೇಕೆ ಮಾಡಿಕೊಂಡ ಕನ್ನಡಿಗರು ಈ ವಿಷಯ ಕೇಳಿದಾಗ ನಾನು ಹೇಳುವುದು ಹೀಗೆ. ಮೊದಲ ಹಣ 8×42, ಅಂದರೆ ಎಂಟು ಪಟ್ಟಿನ, 42 ಮಿಲಿಮೀಟರ್ ಮಸೂರದ ಬೈನಾಕ್ಯುಲರಿಗೆ ಹೋಗಲಿ. ಏನದು ಎಂದು ನೋಡಲು ಯಾವತ್ತೂ ರೈಫಲ್ ಎತ್ತಬಾರದು, ಏಕೆಂದರೆ ಎತ್ತಿದ ರೈಫಲ್ಲಿನ ನಳಿಗೆ ನೀವು ನೋಡುತ್ತಿರುವ ಕಡೆಗೇ ತಿರುಗಿರುತ್ತದೆ, ಅಲ್ಲಿರುವುದು ನೆರೆಮನೆಯ ಹುಡುಗನೂ ಆಗಿರಬಹುದು. ಎರಡನೆಯ ಹಣ ಒಳ್ಳೆಯ ಲೇಪದ, ಸರಳ ಗುರಿಗೆರೆಯ, ಮೂರರಿಂದ ಒಂಬತ್ತು ಪಟ್ಟಿನ 3-9×40 ಸ್ಕೋಪಿಗೆ. ಪ್ರೇರಿ ಡಾಗೂ ಬೇಕೆಂದಾದರೆ ಪಕ್ಕದ ಗುಂಡಿಯಿರುವ 4-12 ಅಥವಾ 4.5-14. ಮೂರನೆಯದು ಸ್ಕೋಪನ್ನು ರೈಫಲ್ಲಿಗೆ ಬಿಗಿಯುವ ಉಕ್ಕಿನ ಉಂಗುರಗಳಿಗೆ. ಗುರಿ ಹೊಂದಿಕೆ ನಿಲ್ಲುತ್ತಿಲ್ಲ ಎಂದು ಅಂಗಡಿಗೆ ವಾಪಸು ಬರುವ ಎಷ್ಟೋ ಸ್ಕೋಪುಗಳಲ್ಲಿ ದೋಷ ಇರುವುದು ಗಾಜಿನಲ್ಲಲ್ಲ, ಸಡಿಲವಾದ ಈ ಉಂಗುರಗಳ ತಿರುಪುಗಳಲ್ಲಿ. ಉಳಿದ ಹಣಕ್ಕೆ ತೋಟೆ ಕೊಂಡು, ಮರಳಿನ ಚೀಲದ ಮೇಲೆ ರೈಫಲ್ ಊರಿ, ಕಾಗದದ ಮೇಲೆ 200 ಗಜಕ್ಕೆ ಹೊಂದಿಸಿಕೊಳ್ಳಿ. ಆಮೇಲೆ ಬಯಲಿಗೆ ಹೊರಡುವಾಗ ಹಿಗ್ಗಿಸುವ ಉಂಗುರ ಅತಿ ಕೆಳಗಿನ ಅಂಕಿಯ ಮೇಲೇ ಇರಲಿ. ಪ್ರಾಣಿ ದೂರದಲ್ಲಿ ನಿಂತರೆ ಅದನ್ನು ಏರಿಸಲು ಸಮಯ ಸಿಗುತ್ತದೆ. ಪೊದೆಯ ಸಂದಿನಿಂದ ಎದುರಿಗೇ ಬಂದರೆ ಇಳಿಸಲು ಸಿಗುವುದಿಲ್ಲ.